ಮಗಳು ದೂರದ ಕಾಡಿಗೆ ಹೋಗುತ್ತೇನೆ ಅಂದರೆ



ಭಾಲ್ಕಿ ತಾಲೂಕಿನ ಒಂದು ಹಳ್ಳಿಯಲ್ಲಿ ನಮ್ಮ ಕಲಿಕಾ ಕೇಂದ್ರ ಇದೆ. ರಾತ್ರಿ ಊಟ ಆದ ಮೇಲೆ ಹದಿನೈದು ಇಪ್ಪತ್ತು ಹೆಣ್ಣುಮಕ್ಕಳು ಅಲ್ಲಿ ಸೇರುತ್ತೇವೆ. ಓದುತ್ತೇವೆ, ಬರೆಯುತ್ತೇವೆ, ಸುಖ ದುಃಖ ಮಾತಾಡುತ್ತೇವೆ.

ಒಂದು ರಾತ್ರಿ ಒಬ್ಬ ಅಕ್ಕ ಪುಸ್ತಕ ತೆಗೆಯಲಿಲ್ಲ. ಸುಮ್ಮನೆ ಕುಳಿತಿದ್ದರು. "ಯಾಕ್ರಿ ಅಕ್ಕ, ಏನಾಯ್ತು?" ಎಂದು ಕೇಳಿದೆ.

"ಟೀಚರ, ನನ್ನ ಮಗಳು ಬೀದರಿನಾಗ ಕಾಲೇಜು ಓದ್ಯಾಳ. ಈಗ ಆಫ್ರಿಕಾಕ್ಕ ಹೋಗ್ತೀನಿ ಅಂತಾಳ. ಅಲ್ಲಿ ಕಾಡು, ಗುಡ್ಡ, ಸಿಂಹ ಎಲ್ಲಾ ಅವ ಅಂತ. ಅಲ್ಲಿ ಹೋಗಿ ಪ್ರಾಣಿಗಳ ಸೇವಾ ಮಾಡ್ತೀನಿ ಅಂತಾಳ. ಪಗಾರ ಇಲ್ಲ. ಮ್ಯಾಲ ನಾವೇ ಒಂದು ಲಕ್ಷ ರೂಪಾಯಿ ಕಟ್ಟಬೇಕಂತ. ಇದು ಎಂಥ ಕೆಲಸ್ರಿ?"

ಪಕ್ಕದಲ್ಲಿದ್ದ ಇನ್ನೊಬ್ಬರು ನಕ್ಕರು. "ಪಗಾರ ಇಲ್ಲದ ಕೆಲಸ ನಾವು ದಿನಾ ಮಾಡ್ತೀವಿ. ಅದಕ್ಕ ಆಫ್ರಿಕಾಕ್ಕ ಯಾಕ ಹೋಗಬೇಕು?" ಎಂದರು.

ಔರಾದ ಕಡೆಯಿಂದ ಮದುವೆಯಾಗಿ ಬಂದ ಒಬ್ಬಾಕೆ, "ನಮ್ಮ ತವರಿನ ಹೊಲದಾಗ ಚಿಗರಿ ಹಿಂಡು ಬರ್ತಾವ. ಪ್ರಾಣಿ ನೋಡಬೇಕಂದ್ರ ಅಲ್ಲಿಗೇ ಹೋಗು ಅನ್ರಿ" ಎಂದಳು.

ಎಲ್ಲರೂ ನಕ್ಕರು. ಆ ಅಕ್ಕ ಮಾತ್ರ ನಗಲಿಲ್ಲ. ಅವರಿಗೆ ಮಗಳ ಚಿಂತೆ. ನನಗೂ ಅಂದು ಸರಿಯಾಗಿ ಉತ್ತರ ಹೇಳಲು ಬರಲಿಲ್ಲ. "ತಿಳಿದುಕೊಂಡು ಬಂದು ಹೇಳ್ತೀನಿ" ಎಂದೆ. ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಸ್ವಯಂಸೇವೆ ಎಂದರೇನು?

ಪಗಾರ ಪಡೆಯದೆ, ಮನಸ್ಸಿನಿಂದ ಒಪ್ಪಿ ಮಾಡುವ ಕೆಲಸವೇ ಸ್ವಯಂಸೇವೆ. ನಿಮಗೆ ಅಕ್ಷರ ಕಲಿಸಲು ಬರುವವರೂ ಸ್ವಯಂಸೇವಕರೇ. ಸ್ವಯಂಸೇವೆಗೆ ಜಾತಿ ಇಲ್ಲ, ಗಡಿ ಇಲ್ಲ. ಕೆಲವರು ತಮ್ಮ ಓಣಿಯಲ್ಲಿ ಮಾಡುತ್ತಾರೆ. ಕೆಲವರು ಕಾಡಿಗೆ, ಬೆಟ್ಟಕ್ಕೆ, ಬೇರೆ ದೇಶಕ್ಕೆ ಹೋಗಿ ಮಾಡುತ್ತಾರೆ.

ಆದರೆ ಪಗಾರ ಇಲ್ಲ ಎಂದ ಮಾತ್ರಕ್ಕೆ ಲೆಕ್ಕ ಇಲ್ಲ ಎಂದಲ್ಲ. ಊಟ ಯಾರು ಕೊಡುತ್ತಾರೆ? ಮಲಗುವುದು ಎಲ್ಲಿ? ಬಸ್ಸಿನ, ವಿಮಾನದ ಖರ್ಚು ಯಾರದು? ಇದನ್ನೆಲ್ಲ ಮೊದಲೇ ಕೇಳಬೇಕು.

ಕಾಡಿನಲ್ಲಿ ಏನು ಕೆಲಸ ಇರುತ್ತದೆ?

ಕಾಡಿನ ಪ್ರಾಣಿಗೆ ನಾವು ಮೇವು ಹಾಕುವುದಿಲ್ಲ. ಮೈ ತೊಳೆಯುವುದಿಲ್ಲ. ಹಾಗಾದರೆ ಅಲ್ಲಿ ಸೇವೆ ಏನು?

ದೊಡ್ಡ ಕೆಲಸ ಎಂದರೆ ಎಣಿಸುವುದು. ಮೈಸೂರು, ಕೊಡಗು ಜಿಲ್ಲೆಗಳಲ್ಲಿ ನಾಗರಹೊಳೆ ಎಂಬ ಕಾಡು ಇದೆ. ಅಲ್ಲಿ ಹುಲಿ, ಆನೆ, ಕಾಟಿ, ಜಿಂಕೆ ಇವೆ. ಅಲ್ಲಿ ಉಲ್ಲಾಸ ಕಾರಂತ ಎಂಬ ವಿಜ್ಞಾನಿ 1986ರಿಂದ ಹುಲಿಗಳ ಅಧ್ಯಯನ ಮಾಡಿದರು. ಇವರು ದೊಡ್ಡ ಸಾಹಿತಿ ಶಿವರಾಮ ಕಾರಂತರ ಮಗ. ಇಂಥ ಎಣಿಕೆಯಲ್ಲಿ ಸ್ವಯಂಸೇವಕರೂ ದುಡಿದಿದ್ದಾರೆ. ಬೆಳಗಿನ ಜಾವ ಇಬ್ಬಿಬ್ಬರಾಗಿ ಕಾಡಿನ ಒಂದು ದಾರಿಯಲ್ಲಿ ಸದ್ದಿಲ್ಲದೆ ನಡೆಯುತ್ತಾರೆ. ಕಂಡ ಪ್ರಾಣಿ ಯಾವುದು, ಎಷ್ಟು, ಎಷ್ಟು ದೂರದಲ್ಲಿ ಇತ್ತು ಎಂದು ಬರೆದುಕೊಳ್ಳುತ್ತಾರೆ. ಮಾತಾಡುವಂತಿಲ್ಲ. ಘಮಘಮ ಎಣ್ಣೆ ಹಚ್ಚುವಂತಿಲ್ಲ. ಕೆಂಪು, ಬಿಳಿ ಬಟ್ಟೆ ಉಡುವಂತಿಲ್ಲ.

ಹುಲಿಯನ್ನು ಎಣಿಸುವುದು ಹೇಗೆ? ಅದು ಕಣ್ಣಿಗೆ ಬೀಳುವುದೇ ಕಡಿಮೆ. ಅದಕ್ಕೆ ದಾರಿಯ ಎರಡೂ ಬದಿಗೆ ಕ್ಯಾಮೆರಾ ಕಟ್ಟುತ್ತಾರೆ. ಹುಲಿ ಮುಂದೆ ಹಾದರೆ ತಾನಾಗಿಯೇ ಫೋಟೋ ಬರುತ್ತದೆ. ಒಂದು ಹುಲಿಯ ಮೈಮೇಲಿನ ಪಟ್ಟೆ ಇನ್ನೊಂದು ಹುಲಿಗೆ ಇರುವುದಿಲ್ಲ. ನಮ್ಮ ಹೆಬ್ಬೆಟ್ಟಿನ ಗೆರೆ ಇದ್ದ ಹಾಗೆ. ಪಟ್ಟೆ ನೋಡಿ ಇದು ಈ ಹುಲಿ, ಅದು ಆ ಹುಲಿ ಎಂದು ಗುರುತಿಸುತ್ತಾರೆ. ಹುಲಿಗೆ ಓದು ಬರಹ ಬರುವುದಿಲ್ಲ, ಅದಕ್ಕೆ ಹೆಬ್ಬೆಟ್ಟೇ ಸಾಕು. ನಮಗೆ ಸಾಲದು!

2022ರ ಎಣಿಕೆಯಲ್ಲಿ ನಮ್ಮ ಕರ್ನಾಟಕದಲ್ಲಿ 563 ಹುಲಿಗಳಿವೆ ಎಂದು ತಿಳಿಯಿತು.

ತಾಯಿ ಮಗಳು ಕಾಡಿಗೆ ಹೋದರು

ಈಗ ಒಂದು ನಿಜವಾದ ಕಥೆ ಕೇಳಿರಿ.

ಇಂಗ್ಲೆಂಡ್ ದೇಶದಲ್ಲಿ ಜೇನ್ ಗುಡಾಲ್ ಎಂಬ ಹುಡುಗಿ ಇದ್ದಳು. ಹುಟ್ಟಿದ್ದು 1934ರಲ್ಲಿ. ಸಣ್ಣವಳಿದ್ದಾಗಿನಿಂದ ಅವಳಿಗೆ ಪ್ರಾಣಿ ಎಂದರೆ ಜೀವ. ಆಫ್ರಿಕಾದ ಕಾಡಿಗೆ ಹೋಗಬೇಕು ಎಂಬ ಆಸೆ. ಆದರೆ ಮನೆಯಲ್ಲಿ ಹಣ ಇರಲಿಲ್ಲ. ಕಾಲೇಜಿಗೆ ಹೋಗಲು ಆಗಲಿಲ್ಲ. ಟೈಪಿಂಗ್ ಕಲಿತು ಕಚೇರಿಯಲ್ಲಿ ದುಡಿದಳು. ಆಮೇಲೆ ಹೋಟೆಲಿನಲ್ಲಿ ಊಟ ಬಡಿಸಿ ಹಡಗಿನ ಖರ್ಚಿಗೆ ಹಣ ಕೂಡಿಸಿದಳು. 1957ರಲ್ಲಿ ಕೆನ್ಯಾ ದೇಶಕ್ಕೆ ಹೋದಳು. ಆಗ ಅವಳಿಗೆ 23 ವರ್ಷ.

ಅಲ್ಲಿ ಲೂಯಿಸ್ ಲೀಕಿ ಎಂಬ ವಿಜ್ಞಾನಿ ಅವಳಿಗೆ ಕೆಲಸ ಕೊಟ್ಟರು. ಗೊಂಬೆ ಎಂಬ ಕಾಡಿಗೆ ಹೋಗಿ ಚಿಂಪಾಂಜಿಗಳನ್ನು ನೋಡಿ ಬರೆ ಎಂದರು. ಗೊಂಬೆ ಎಂದರೆ ನಮ್ಮ ಆಟದ ಗೊಂಬೆ ಅಲ್ಲ, ಅದು ಊರಿನ ಹೆಸರು. ಈಗಿನ ಟಾಂಜಾನಿಯಾ ದೇಶದಲ್ಲಿದೆ. ಒಂದು ಕಡೆ ದೊಡ್ಡ ಸರೋವರ, ಇನ್ನೊಂದು ಕಡೆ ಕಡಿದಾದ ಬೆಟ್ಟ, ನಡುವೆ ಕಾಡು. ಚಿಂಪಾಂಜಿ ಎಂದರೆ ಬಾಲವಿಲ್ಲದ, ದೊಡ್ಡ ಕೋತಿಯಂಥ ಪ್ರಾಣಿ.

ಅಲ್ಲಿಯ ಅಧಿಕಾರಿಗಳು ಅಡ್ಡಿ ತಂದರು. "ಪ್ರಾಯದ ಹುಡುಗಿಯನ್ನು ಒಬ್ಬಳೇ ಕಾಡಿಗೆ ಬಿಡುವುದಿಲ್ಲ" ಎಂದರು. ಆಗ ಜೊತೆಗೆ ಬಂದವರು ಯಾರು ಗೊತ್ತೆ? ಅವಳ ತಾಯಿ! ಹೆಸರು ವ್ಯಾನ್. 1960ರ ಜುಲೈ 14ರಂದು ತಾಯಿ ಮಗಳು ಇಬ್ಬರೂ ಗೊಂಬೆಗೆ ಬಂದರು. ಡೇರೆ ಹಾಕಿಕೊಂಡು ಉಳಿದರು. ಇಬ್ಬರಿಗೂ ಮಲೇರಿಯಾ ಜ್ವರ ಬಂತು. ಮಲಗಿ ಎದ್ದರು. ಓಡಿ ಹೋಗಲಿಲ್ಲ.

ಮಗಳು ಬೆಳಗಾದರೆ ಬೆಟ್ಟ ಹತ್ತುತ್ತಿದ್ದಳು. ತಾಯಿ ಡೇರೆಯ ಹತ್ತಿರ ಒಂದು ಸಣ್ಣ ದವಾಖಾನೆ ತೆರೆದರು. ಅಲ್ಲಿಯ ಮೀನುಗಾರರ ಗಾಯಕ್ಕೆ ಪಟ್ಟಿ ಕಟ್ಟಿದರು. ತಲೆನೋವು, ಜ್ವರಕ್ಕೆ ಗುಳಿಗೆ ಕೊಟ್ಟರು. ಇದರಿಂದ ಊರವರ ಪ್ರೀತಿ ಸಿಕ್ಕಿತು. ಮಗಳ ಕೆಲಸ ಹಗುರಾಯಿತು.

ಮೊದಲು ಚಿಂಪಾಂಜಿಗಳು ಅವಳನ್ನು ಕಂಡರೆ ಓಡುತ್ತಿದ್ದವು. ಅವಳು ಅವಸರ ಮಾಡಲಿಲ್ಲ. ದಿನಾಲು ದೂರ ಕೂತು ನೋಡಿದಳು, ಬರೆದಳು. ಒಂದು ದಿನ ಒಂದು ಚಿಂಪಾಂಜಿ ಹುತ್ತದ ತೂತಿನಲ್ಲಿ ಹುಲ್ಲಿನ ಕಡ್ಡಿ ತೂರಿಸಿ, ಗೆದ್ದಲು ಹಿಡಿದು ತಿನ್ನುವುದನ್ನು ಕಂಡಳು. ಮನುಷ್ಯ ಮಾತ್ರ ಸಾಮಾನು ಮಾಡಿ ಬಳಸುತ್ತಾನೆ ಎಂದು ಅಲ್ಲಿಯ ತನಕ ವಿಜ್ಞಾನಿಗಳು ನಂಬಿದ್ದರು. ಅದು ತಪ್ಪು ಎಂದು ಈ ಹೆಣ್ಣುಮಗಳು ತೋರಿಸಿಕೊಟ್ಟಳು. ಮುಂದೆ ಕೇಂಬ್ರಿಜ್ ವಿಶ್ವವಿದ್ಯಾಲಯ ಆಕೆಗೆ ಡಾಕ್ಟರೇಟ್ ಪದವಿ ಕೊಟ್ಟಿತು. ಕೊನೆಯ ತನಕ ದೇಶ ದೇಶ ತಿರುಗಿ ಕಾಡು ಉಳಿಸಿರಿ ಎಂದು ಹೇಳಿದರು. 2025ರ ಅಕ್ಟೋಬರ್ 1ರಂದು, 91ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಈ ಕಥೆ ಓದಿದಾಗ ಆ ಅಕ್ಕ ಮೊದಲ ಸಲ ನಕ್ಕರು. "ಹಂಗಾದ್ರ ನಾನೂ ಹೋಗ್ಲೇನ್ರಿ ಟೀಚರ?" ಎಂದರು.

ಕಾಡಿನಲ್ಲಿ ಜನರೂ ಇದ್ದಾರೆ

ಕಾಡು ಎಂದರೆ ಬರೀ ಮರ, ಪ್ರಾಣಿ ಅಲ್ಲ. ಚಾಮರಾಜನಗರ ಜಿಲ್ಲೆಯಲ್ಲಿ ಬಿಳಿಗಿರಿರಂಗನ ಬೆಟ್ಟ ಇದೆ. ಅಲ್ಲಿ ಸೋಲಿಗರು ಎಂಬ ಗಿರಿಜನರು ತಲೆಮಾರುಗಳಿಂದ ಬಾಳುತ್ತಿದ್ದಾರೆ. ಡಾಕ್ಟರ್ ಸುದರ್ಶನ್ ಎಂಬವರು ಆ ಬೆಟ್ಟಕ್ಕೆ ಸೇವೆಗೆ ಹೋದರು. 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಆರಂಭಿಸಿದರು. ದವಾಖಾನೆ ಆಯಿತು, ಶಾಲೆ ಆಯಿತು. 1994ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಎಂಬ ಅಂತರರಾಷ್ಟ್ರೀಯ ಪ್ರಶಸ್ತಿ ಬಂತು.

ಸೋಲಿಗರಿಗೆ ಯಾವ ಗಿಡ ಯಾವ ಕಾಲಕ್ಕೆ ಹೂ ಬಿಡುತ್ತದೆ, ಜೇನು ಎಲ್ಲಿ ಕಟ್ಟುತ್ತದೆ ಎಲ್ಲಾ ಗೊತ್ತು. ಸೇವೆಗೆ ಹೋದವರು ಅವರಿಗೆ ಬುದ್ಧಿ ಹೇಳುವ ಮೊದಲು ಅವರಿಂದ ಕಲಿಯಬೇಕು. ಬೇರೆ ದೇಶಕ್ಕೆ ಹೋದರೂ ಇದೇ ಮಾತು. ಅಲ್ಲಿಯ ಊಟ, ಉಡುಗೆ, ಭಾಷೆ ಬೇರೆ ಇರುತ್ತದೆ. ನಕ್ಕು ಹೀಯಾಳಿಸಬಾರದು.

ಸೇವೆಯ ಹೆಸರಿನಲ್ಲಿ ಮೋಸ

ಇದನ್ನು ಚೆನ್ನಾಗಿ ಓದಿರಿ.

ದಕ್ಷಿಣ ಆಫ್ರಿಕಾ ದೇಶದ ಕೆಲವು ಕಡೆ ಹೀಗೆ ನಡೆದದ್ದು ಬಯಲಾಗಿದೆ. ಸಿಂಹದ ಮರಿಗಳನ್ನು ತಾಯಿಯಿಂದ ಬೇಗ ಅಗಲಿಸುತ್ತಾರೆ. "ಇವು ತಬ್ಬಲಿ ಮರಿ, ಬಂದು ಹಾಲು ಕುಡಿಸಿ ಸೇವೆ ಮಾಡಿರಿ" ಎನ್ನುತ್ತಾರೆ. ಬೇರೆ ದೇಶದ ಹುಡುಗ ಹುಡುಗಿಯರು ಹಣ ಕಟ್ಟಿ ಬರುತ್ತಾರೆ. ಮುದ್ದು ಮಾಡುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ಮರಿ ದೊಡ್ಡದಾದ ಮೇಲೆ ಬೇಲಿಯೊಳಗೆ ಬಿಟ್ಟು ಬೇಟೆಗಾರರಿಗೆ ಮಾರುತ್ತಾರೆ. ಹಾಲು ಕುಡಿಸಿದವರಿಗೆ ಇದು ಗೊತ್ತೇ ಆಗುವುದಿಲ್ಲ.

ಆದ್ದರಿಂದ ಒಂದು ಮಾತು ನೆನಪಿಡಿ. ಕಾಡುಪ್ರಾಣಿಯನ್ನು ಮುಟ್ಟಿರಿ, ಎತ್ತಿರಿ, ಫೋಟೋ ತೆಗೆಸಿರಿ ಎಂದು ಕರೆಯುವ ಕಡೆ ಹೋಗಬಾರದು. ಒಳ್ಳೆಯ ಕಡೆ, ದೂರ ನಿಂತು ನೋಡಿರಿ ಎನ್ನುತ್ತಾರೆ.

ಯಾವ ಯಾವ ಕಾಗದ ಬೇಕು?

1. ಪಾಸ್‌ಪೋರ್ಟ್. ಇದು ನಮ್ಮ ಸರಕಾರ ಕೊಡುವ ಸಣ್ಣ ಪುಸ್ತಕ. ಇವರು ಭಾರತದ ಪ್ರಜೆ ಎಂದು ಇದು ಹೇಳುತ್ತದೆ. 36 ಪುಟದ ಪಾಸ್‌ಪೋರ್ಟಿಗೆ ಮಾಮೂಲಿ ಶುಲ್ಕ 1,500 ರೂಪಾಯಿ. ದೊಡ್ಡವರಿಗೆ ಇದು 10 ವರ್ಷ ನಡೆಯುತ್ತದೆ. ಪೊಲೀಸ್ ವಿಚಾರಣೆ ಇರುತ್ತದೆ.

2. ವೀಸಾ. ಇದು ಆ ದೇಶದವರು ಕೊಡುವ ಅನುಮತಿ. ನೋಡಲು ಹೋಗುವ ವೀಸಾ ಬೇರೆ, ಕೆಲಸದ ವೀಸಾ ಬೇರೆ. ಪಗಾರ ಇಲ್ಲದ ಸೇವೆಗೂ ಹಲವು ದೇಶಗಳಲ್ಲಿ ಬೇರೆ ಅನುಮತಿ ಬೇಕು. ಇಲ್ಲದಿದ್ದರೆ ದಂಡ, ಕೆಲವು ಸಲ ಜೈಲು.

3. ಚುಚ್ಚುಮದ್ದು. ಕೆನ್ಯಾದಂಥ ದೇಶಕ್ಕೆ ಹೋಗುವವರು ಹಳದಿ ಜ್ವರದ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು. ಹೋಗುವುದಕ್ಕೆ ಕನಿಷ್ಠ 10 ದಿನ ಮೊದಲು ಹಾಕಿಸಬೇಕು. ಅದರ ಕಾರ್ಡು ಜೊತೆಗೆ ಇರಬೇಕು.

ನೇಪಾಳಕ್ಕೆ ಹೋಗಲು ಭಾರತದವರಿಗೆ ವೀಸಾ ಬೇಡ. ಮತದಾರರ ಗುರುತಿನ ಚೀಟಿ ಇದ್ದರೂ ನಡೆಯುತ್ತದೆ. ಅಲ್ಲಿ ಹಿಮಾಲಯ ಇದೆ. ಚಿತ್ವನ್ ಕಾಡಿನಲ್ಲಿ ಘೇಂಡಾಮೃಗ ಇವೆ.

ನಮ್ಮ ಜಿಲ್ಲೆಯಿಂದ ದುಬೈ, ಸೌದಿ ಕಡೆ ದುಡಿಯಲು ಹೋಗುವವರೂ ಇದ್ದಾರೆ. ಅವರಿಗೂ ಈ ಮಾತು ಬೇಕು. ಕೆಲಸಕ್ಕೆ ಕಳಿಸುವ ಏಜೆಂಟರಿಗೆ ಕೇಂದ್ರ ಸರಕಾರದ ನೋಂದಣಿ ಇರಬೇಕು. ನೋಂದಣಿ ನಂಬರು ಕೇಳಿರಿ. ಪಾಸ್‌ಪೋರ್ಟನ್ನು ಯಾರ ಕೈಯಲ್ಲೂ ಬಿಡಬೇಡಿ.

ಅಕ್ಕ ಓದಿದ ಕಾಗದ

ಆ ಅಕ್ಕ ಮಗಳ ಜೊತೆ ಬೀದರಿಗೆ ಹೋದರು. ನಾನೂ ಹೋದೆ. ಆಫ್ರಿಕಾಕ್ಕೆ ಕಳಿಸುತ್ತೇವೆ ಎಂದವರ ಕಚೇರಿ ಅದು. ಮೇಜಿನ ಹಿಂದಿದ್ದವರು ಒಂದು ಕಾಗದ ಮುಂದೆ ಇಟ್ಟರು. ಹೆಬ್ಬೆಟ್ಟಿನ ಶಾಯಿಯ ಡಬ್ಬಿಯನ್ನೂ ತೆಗೆದಿಟ್ಟರು.

"ಇಲ್ಲಿ ಒತ್ರಿ ಅವ್ವ" ಎಂದರು.

"ಸಹಿ ಮಾಡ್ತೀನ್ರಿ. ಮೊದಲ ಓದ್ತೀನಿ" ಎಂದರು ಅಕ್ಕ.

ಕಾಗದದ ಅರ್ಧ ಇಂಗ್ಲಿಷ್, ಅರ್ಧ ಕನ್ನಡ. ಅಕ್ಕ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಬಹಳ ಹೊತ್ತು ಹಿಡಿಯಿತು. ಅವರು ಗಡಿಯಾರ ನೋಡಿದರು. ಅಕ್ಕ ನಿಲ್ಲಿಸಲಿಲ್ಲ. ಕೊನೆಯ ಸಾಲು ಹೀಗಿತ್ತು: ಕಟ್ಟಿದ ಹಣ ಯಾವ ಕಾರಣಕ್ಕೂ ವಾಪಸು ಕೊಡುವುದಿಲ್ಲ.

ಅಕ್ಕ ಕೇಳಿದರು. "ಮಗಳು ಇರೋ ಜಾಗದ ಹೆಸರು ಏನ್ರಿ? ಅವರ ಪತ್ರ ಎಲ್ಲಿ ಅದ? ಯಾವ ವೀಸಾ? ಹಣಕ್ಕ ರಸೀದಿ ಕೊಡ್ತೀರೇನು?" ಒಂದಕ್ಕೂ ಸರಿಯಾದ ಉತ್ತರ ಬರಲಿಲ್ಲ. ಅಕ್ಕ ಹಣದ ಗಂಟು ಸೆರಗಿನಲ್ಲಿ ಕಟ್ಟಿಕೊಂಡು ಎದ್ದರು.

ಬಸ್ಸಿನಲ್ಲಿ ಮಗಳು ಅತ್ತಳು. ಅಕ್ಕ ಅವಳನ್ನು ಬಯ್ಯಲಿಲ್ಲ. "ಹೋಗಬ್ಯಾಡ ಅಂದಿಲ್ಲವ್ವ. ಇವರ ಕೈಯಿಂದ ಹೋಗಬ್ಯಾಡ ಅಂದೀನಿ" ಎಂದರು.

ಮುಂದಿನ ವರ್ಷ ಮಗಳು ನಮ್ಮ ರಾಜ್ಯದ ಒಂದು ಕಾಡಿನಲ್ಲಿ ಪ್ರಾಣಿ ಎಣಿಸುವ ಕೆಲಸಕ್ಕೆ ಸ್ವಯಂಸೇವಕಿಯಾಗಿ ಹೋದಳು. ಎಂಟು ದಿನ ನಡೆದು ಕಾಲಿಗೆ ಬೊಬ್ಬೆ ಬಂದಿತ್ತು. ಹುಲಿ ಕಾಣಲಿಲ್ಲ, ಹೆಜ್ಜೆ ಮಾತ್ರ ಕಂಡಿತು. ಆದರೂ ಅವಳ ಮುಖ ಅರಳಿತ್ತು. ಕೆಲಸ ಏನು ಎಂದು ಈಗ ಅವಳಿಗೆ ಗೊತ್ತಾಗಿದೆ.

ಆಮೇಲೆ ಅವಳು ಪಾಸ್‌ಪೋರ್ಟ್ ಮಾಡಿಸಿದಳು. ಅಂಚೆಯಲ್ಲಿ ಬಂದ ದಿನ ಅಕ್ಕ ಅದನ್ನು ಕೇಂದ್ರಕ್ಕೆ ತಂದರು. ಕೊನೆಯ ಪುಟದಲ್ಲಿ ತಾಯಿಯ ಹೆಸರು ಅಚ್ಚಾಗಿತ್ತು. ಅದು ಇಂಗ್ಲಿಷಿನಲ್ಲಿತ್ತು. "ಇದರಾಗ ನನ್ನ ಹೆಸರು ಯಾವುದು ತೋರಸ್ರಿ" ಎಂದರು. ತೋರಿಸಿದೆ. ಅದನ್ನು ನೋಡಿ ನೋಡಿ ಪುಸ್ತಕದಲ್ಲಿ ಬರೆದುಕೊಂಡರು. ಕೆಳಗೆ ಕನ್ನಡದಲ್ಲಿಯೂ ಬರೆದರು.

ನಮ್ಮ ಹೊಲದ ಚಿಗರಿ

ಸೇವೆ ಮಾಡಲು ಎಲ್ಲರೂ ದೂರ ಹೋಗಬೇಕಾಗಿಲ್ಲ. ಬೀದರ ಜಿಲ್ಲೆಯ ಬಯಲಿನಲ್ಲಿ ಚಿಗರಿ ಇವೆ. ಪುಸ್ತಕದಲ್ಲಿ ಇದಕ್ಕೆ ಕೃಷ್ಣಮೃಗ ಎನ್ನುತ್ತಾರೆ. ಗಂಡಿನ ಬೆನ್ನು ಕಪ್ಪು, ಕೋಡು ತಿರುಚಿಕೊಂಡು ಇರುತ್ತದೆ. ಹೆಣ್ಣು ಕಂದು ಬಣ್ಣ. ಇವು ಬೆಳೆ ಮೇಯುವುದು ನಿಜ. ರೈತರ ಹೊಟ್ಟೆ ಉರಿಯುವುದೂ ನಿಜ. ಆದರೆ ಇವನ್ನು ಕೊಲ್ಲುವುದು 1972ರ ವನ್ಯಜೀವಿ ಕಾಯಿದೆಯ ಪ್ರಕಾರ ದೊಡ್ಡ ಅಪರಾಧ. ಬೆಳೆ ಹಾಳಾದರೆ ಅರಣ್ಯ ಇಲಾಖೆಗೆ ಅರ್ಜಿ ಬರೆಯಿರಿ. ಉರುಲು ಹಾಕಿದ್ದು ಕಂಡರೆ ತಿಳಿಸಿರಿ. ನಾಯಿ ಅಟ್ಟಿಸಿಕೊಂಡು ಬಂದರೆ ನಾಯಿಯನ್ನು ಓಡಿಸಿರಿ. ಇದೂ ಸೇವೆಯೇ.

ಮಾತಾಡೋಣ, ಬರೆಯೋಣ

1. ಜೇನ್ ಜೊತೆ ಕಾಡಿಗೆ ಹೋದವರು ಯಾರು? ಅವರು ಅಲ್ಲಿ ಏನು ಮಾಡಿದರು?
2. ಮಗಳು ದೂರದ ಊರಿಗೆ ಹೋಗುತ್ತೇನೆ ಎಂದರೆ ನೀವು ಯಾವ ಪ್ರಶ್ನೆ ಕೇಳುತ್ತೀರಿ? ನಾಲ್ಕು ಪ್ರಶ್ನೆ ಬರೆಯಿರಿ.
3. ನಿಮ್ಮ ಊರ ಸುತ್ತ ಯಾವ ಕಾಡುಪ್ರಾಣಿ, ಪಕ್ಷಿ ಕಂಡಿದ್ದೀರಿ? ಹೆಸರು ಬರೆಯಿರಿ.