ಅಪ್ಪ ಓದಿದ ಬೋರ್ಡು, ನಾನು ನಂಬಿದ ಮ್ಯಾಪು

“ಪುಟ್ಟಿ, ನಿಲ್ಸು. ಅಲ್ಲಿ ಕೆಂಪು ಉಂಗುರದ ಬೋರ್ಡ್ ಐತೆ. ಗಾಡಿ ಒಳಗೆ ಹೋಗಂಗಿಲ್ಲ.”

ಪಕ್ಕದ ಸೀಟಿನಲ್ಲಿದ್ದ ಅಪ್ಪ ಹೀಗೆಂದಾಗ ನಮ್ಮ ಬಾಡಿಗೆ ಕಾರು ಇಟಲಿಯ ಸಿಯೆನಾ ಊರಿನ ಹಳೆಯ ಕೋಟೆ ಬಾಗಿಲ ಎದುರಿಗಿತ್ತು. ಹಿಂದೆ ಎರಡು ಕಾರುಗಳು ಕಾಯುತ್ತಿದ್ದವು. ಮೊಬೈಲ್‌ ಮ್ಯಾಪು ‘ನೇರ ಹೋಗಿ’ ಎನ್ನುತ್ತಿತ್ತು. ನಾನು ಬೆವರುತ್ತಾ, “ಅಪ್ಪಾ, ಇದು ನಮ್ಮೂರಲ್ಲ. ಇಲ್ಲಿನ ರೂಲ್ಸ್ ನಿಂಗೆ ಗೊತ್ತಾಗಲ್ಲ, ಸುಮ್ನಿರು” ಅಂದೆ. ಗೇರ್ ಹಾಕಿ ಒಳಗೆ ನುಗ್ಗಿಸಿಯೇಬಿಟ್ಟೆ.

ಅಪ್ಪ ಸುಮ್ಮನಾದರು. ಹಾಸನದಲ್ಲಿ 31 ವರ್ಷ ಸರ್ಕಾರಿ ಬಸ್ ಓಡಿಸಿದವರು. ಶಿರಾಡಿ ಘಾಟಿಯ ಮಳೆಯಲ್ಲಿ, ಮಂಜಿನಲ್ಲಿ ಬೋರ್ಡು ಓದಿ ಅಭ್ಯಾಸವಿದ್ದವರು. ನನಗೆ ಸ್ಟೀರಿಂಗ್ ಹಿಡಿಯಲು ಕಲಿಸಿದ್ದೂ ಅವರೇ. ಆದರೆ ಬೊಲೊನ್ಯಾದಲ್ಲಿ ಎಂ.ಎಸ್ಸಿ ಓದಲು ಬಂದು ಆರು ತಿಂಗಳಾಗಿದ್ದ ನನಗೆ, ವಿದೇಶದಲ್ಲಿ ಅಪ್ಪನಿಗಿಂತ ನನಗೇ ಹೆಚ್ಚು ಗೊತ್ತು ಎಂಬ ಜಂಬ.

ನನ್ನನ್ನು ನೋಡಲೆಂದು ಅಪ್ಪ, ಅಮ್ಮ ಮೊದಲ ಬಾರಿ ವಿಮಾನ ಹತ್ತಿ ಬಂದಿದ್ದರು. ಅಮ್ಮನಿಗೆ ಮಂಡಿ ನೋವು. ಹೋಟೆಲಿನ ಬಾಗಿಲಿಗೇ ಕಾರು ತಂದು ನಿಲ್ಲಿಸಬೇಕು, ಅವಳನ್ನು ನಡೆಸಬಾರದು ಎಂಬುದೇ ನನ್ನ ತಲೆಯಲ್ಲಿತ್ತು. ಆದರೆ ಒಳಗೆ ಹೋದರೆ ಎರಡೂ ಕಡೆ ಕಲ್ಲಿನ ಗೋಡೆ. ಕನ್ನಡಿ ಮಡಚಿದರೂ ಕಾರು ಹಿಡಿಯುವುದು ಅನುಮಾನ. ನಡೆದು ಬರುತ್ತಿದ್ದ ಅಜ್ಜಿಯೊಬ್ಬರು ಗೋಡೆಗೆ ಒರಗಿ ನಮಗೆ ದಾರಿ ಬಿಟ್ಟು, ತಲೆ ಅಲ್ಲಾಡಿಸಿದರು. ಹೇಗೋ ಸುತ್ತಿ ಹೊರಗೆ ಬಂದೆ. ಮ್ಯಾಪು ಇನ್ನೊಂದು ಬಾಗಿಲು ತೋರಿಸಿತು. ಅಲ್ಲೂ ನುಗ್ಗಿದೆ. ಈ ಸಲ ಅಪ್ಪ ಏನೂ ಹೇಳಲಿಲ್ಲ.

ಕೊನೆಗೆ ಹೋಟೆಲಿಗೆ ಫೋನ್ ಮಾಡಿದಾಗ ಆ ಕಡೆಯ ಹುಡುಗಿ ನಕ್ಕಳು. ‘ಕಾರನ್ನು ಊರ ಕೆಳಗಿನ ಸಾಂತಾ ಕತೆರೀನಾ ಪಾರ್ಕಿಂಗ್‌ನಲ್ಲಿ ಬಿಡಿ. ಅಲ್ಲಿಂದ ಎಸ್ಕಲೇಟರ್ ಇದೆ, ಚರ್ಚಿನ ಹತ್ತಿರಕ್ಕೇ ಹತ್ತಿಸುತ್ತದೆ. ಬುಕಿಂಗ್ ಮೇಲ್‌ನಲ್ಲಿ ಬರೆದಿದ್ದೆವಲ್ಲ’ ಅಂದಳು. ಹೌದು, ಬರೆದಿದ್ದರು. ನಾನೇ ಪೂರ್ತಿ ಓದಿರಲಿಲ್ಲ. ಸಿಯೆನಾ ಬೆಟ್ಟದ ಮೇಲಿನ ಊರು. ಗುಡ್ಡದ ಬುಡದಿಂದ ಒಂದಾದ ಮೇಲೊಂದು ಎಸ್ಕಲೇಟರ್ ಹತ್ತಿ ಅಮ್ಮ ಆರಾಮಾಗಿ ಮೇಲೆ ಬಂದಳು. ಅವಳ ಮಂಡಿಗೆ ಬೇಕಾಗಿದ್ದ ದಾರಿ ಮೊದಲಿನಿಂದಲೂ ಅಲ್ಲೇ ಇತ್ತು.

ಸಂಜೆ ಪಿಯಾತ್ಸಾ ದೆಲ್ ಕಾಂಪೊ ಎಂಬ ದೊಡ್ಡ ಚೌಕದಲ್ಲಿ ಕೂತೆವು. ಚಿಪ್ಪಿನಂತೆ ಇಳಿಜಾರಾಗಿರುವ ಆ ಇಟ್ಟಿಗೆ ನೆಲ ಒಂಬತ್ತು ಭಾಗಗಳಾಗಿದೆ. ಹಿಂದೆ ಊರನ್ನು ಆಳಿದ ಒಂಬತ್ತು ಮಂದಿಯ ಆಡಳಿತ ಮಂಡಳಿಯ ನೆನಪಿಗೆ ಎನ್ನುತ್ತಾರೆ. ಪ್ರತಿ ವರ್ಷ ಜುಲೈ 2 ಮತ್ತು ಆಗಸ್ಟ್ 16ರಂದು ಇದೇ ಚೌಕದ ಸುತ್ತ ಮಣ್ಣು ಹಾಸಿ ಕುದುರೆ ಓಡಿಸುತ್ತಾರೆ. ಉಳಿದ ದಿನ ಜನ ಸುಮ್ಮನೆ ನೆಲದ ಮೇಲೆ ಕಾಲು ಚಾಚಿ ಕೂರುತ್ತಾರೆ. ನಮ್ಮ ಪಕ್ಕದಲ್ಲಿ ಒಂದು ಮಗು ಅಂಬೆಗಾಲಿಡುತ್ತಿತ್ತು. ಅಪ್ಪ ಬಹಳ ಹೊತ್ತು ಸುಮ್ಮನಿದ್ದು, “ಹಾರ್ನೇ ಇಲ್ವಲ್ಲೇ ಇಲ್ಲಿ” ಅಂದರು. ಆಗ ನನಗೂ ಗೊತ್ತಾಯಿತು. ಕೇಳುತ್ತಿದ್ದುದು ಮಾತು, ನಗು, ಹೆಜ್ಜೆ ಸಪ್ಪಳ ಅಷ್ಟೇ.

1960ರ ದಶಕದಲ್ಲೇ ಈ ಊರು ತನ್ನ ಹಳೆಯ ಭಾಗಕ್ಕೆ ಕಾರುಗಳನ್ನು ನಿಷೇಧಿಸಿತು. 1995ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕುದುರೆ, ಕತ್ತೆ, ಕಾಲ್ನಡಿಗೆಗೆಂದು ಕಟ್ಟಿದ ಓಣಿಗಳಿವು. ನಾನು ಆ ಮಧ್ಯಾಹ್ನ ನುಗ್ಗಿಸಿದ್ದು ರಸ್ತೆಗಲ್ಲ, ಯಾರದೋ ಮನೆ ಜಗುಲಿಗೆ.

ಕತೆ ಅಲ್ಲಿಗೇ ಮುಗಿಯಲಿಲ್ಲ. ಅಪ್ಪ, ಅಮ್ಮ ಊರಿಗೆ ಮರಳಿದ ಎರಡು ತಿಂಗಳಿಗೆ ನನ್ನ ಕ್ರೆಡಿಟ್ ಕಾರ್ಡಿನಿಂದ ಎರಡು ಸಲ ದುಡ್ಡು ಕತ್ತರಿಸಿತು. ನಗರಾಡಳಿತ ಕೇಳಿದ ಚಾಲಕರ ವಿವರ ಕೊಟ್ಟಿದ್ದಕ್ಕೆ ಬಾಡಿಗೆ ಕಂಪನಿಯ ಶುಲ್ಕ. ಅದರ ಹಿಂದೆಯೇ ನೋಂದಾಯಿತ ಅಂಚೆಯಲ್ಲಿ ಎರಡು ದಂಡದ ಪತ್ರಗಳು. ಒಂದೊಂದೂ 80 ಯೂರೊ ಮೇಲೆ. ಆ ಕೆಂಪು ಉಂಗುರದ ಬೋರ್ಡಿನ ಹತ್ತಿರ ಕ್ಯಾಮೆರಾ ಇತ್ತು. ತಡೆಗೋಲಿಲ್ಲ, ಪೊಲೀಸರಿಲ್ಲ. ಕ್ಯಾಮೆರಾ ನಂಬರ್ ಪ್ಲೇಟ್ ಓದುತ್ತದೆ, ಅನುಮತಿ ಇಲ್ಲದಿದ್ದರೆ ದಂಡ. ಎರಡು ಸಲ ಬಾಗಿಲು ದಾಟಿದರೆ ಎರಡು ದಂಡ. ಪತ್ರ ತಲುಪಿದ 5 ದಿನದೊಳಗೆ ಕಟ್ಟಿದರೆ ಶೇ 30 ಕಡಿತವೆಂದು ಓಡಿಹೋಗಿ ಕಟ್ಟಿದೆ. ಆದರೂ ಒಂದು ತಿಂಗಳ ಊಟದ ದುಡ್ಡು ಹೋಯಿತು.

ಆ ರಾತ್ರಿ ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ‘ಆ ಬೋರ್ಡಿನ ಅರ್ಥ ನಿಂಗೆ ಹೇಗೆ ಗೊತ್ತಿತ್ತು’ ಎಂದು ಕೇಳಿದೆ. “ನಮ್ಮಲ್ಲೂ ಅದೇ ಬೋರ್ಡಲ್ವೇನೇ? ಬಿಳಿ ಹೊಟ್ಟೆ, ಕೆಂಪು ಅಂಚು ಅಂದ್ರೆ ಯಾವ ಕಡೆಯಿಂದ್ಲೂ ಗಾಡಿ ಹೋಗಂಗಿಲ್ಲ ಅಂತ.” ಸ್ವಲ್ಪ ತಡೆದು ಹೇಳಿದರು: “ಎರಡನೇ ಬಾಗಿಲಲ್ಲೂ ಕಂಡಿತ್ತು ಕಣವ್ವ. ಹೇಳೋಣ ಅನ್ನಿಸ್ತು. ನೀನು ಸುಮ್ನಿರು ಅಂದಿದ್ಯಲ್ಲ, ಸುಮ್ನಾದೆ.”

ದಂಡ ಕಟ್ಟಿದಾಗ ಬರದ ಅಳು ಆಗ ಬಂತು.

ಯುರೋಪಿಗೆ ಓದಲು, ಕೆಲಸಕ್ಕೆ ಹೋಗುವ ಗೆಳೆಯರೇ, ಅಪ್ಪ, ಅಮ್ಮ ಬಂದಾಗ ನೀವೂ ಕಾರು ಬಾಡಿಗೆ ಪಡೆಯುತ್ತೀರಿ. ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಜತೆಗಿರಲಿ. ಇಟಲಿಯಲ್ಲಿ ಈ ನಿಷೇಧಿತ ಪ್ರದೇಶಕ್ಕೆ ‘ಝಡ್‌ಟಿಎಲ್’ ಎನ್ನುತ್ತಾರೆ. ಕೆಲವೆಡೆ ಬಾಗಿಲಲ್ಲಿ ‘ವಾರ್ಕೊ ಅತ್ತೀವೊ’ ಎಂಬ ದೀಪದ ಬರಹ ಇರುತ್ತದೆ. ಬಾಗಿಲು ತೆರೆದಿದೆ ಎಂದಲ್ಲ, ಕ್ಯಾಮೆರಾ ಎಚ್ಚರವಾಗಿದೆ ಎಂದರ್ಥ. ಹೋಟೆಲ್ ಆ ಪ್ರದೇಶದೊಳಗಿದ್ದರೆ ಕಾರಿನ ನಂಬರ್ ಮೊದಲೇ ನೋಂದಾಯಿಸುತ್ತಾರೆಯೇ ಎಂದು ಕೇಳಿ. ಪಾರ್ಕಿಂಗ್‌ನಲ್ಲಿ ನೀಲಿ ಗೆರೆ ಎಂದರೆ ದುಡ್ಡು ಕೊಟ್ಟು ನಿಲ್ಲಿಸುವ ಜಾಗ, ಬಿಳಿ ಎಂದರೆ ಸಾಮಾನ್ಯವಾಗಿ ಉಚಿತ, ಹಳದಿ ಬೇರೆಯವರಿಗೆ ಮೀಸಲು. ಮ್ಯಾಪಿನಲ್ಲಿ ಹೋಟೆಲ್ ಹೆಸರು ಹಾಕಬೇಡಿ, ಕೋಟೆಯ ಹೊರಗಿನ ಪಾರ್ಕಿಂಗ್ ಹೆಸರು ಹಾಕಿ.

ರಜೆಗೆ ಊರಿಗೆ ಬಂದಾಗ ಮೂವರೂ ಹಂಪಿಗೆ ಹೋದೆವು. ವಿಜಯ ವಿಠ್ಠಲ ದೇವಸ್ಥಾನದ ಹಾದಿಯಲ್ಲೂ ಕಾರನ್ನು ದೂರದಲ್ಲೇ ಬಿಟ್ಟು ಬ್ಯಾಟರಿ ಗಾಡಿ ಹತ್ತಬೇಕು, ಇಲ್ಲವೇ ನಡೆಯಬೇಕು. ಸ್ಟೀರಿಂಗ್ ನನ್ನ ಕೈಯಲ್ಲಿತ್ತು. ಬೋರ್ಡು ಕಂಡ ಕೂಡಲೇ ಬ್ರೇಕ್ ಒತ್ತಿ, “ಅಪ್ಪಾ, ಏನು ಬರ್ದಿದೆ ನೋಡು” ಅಂದೆ.

ಅಪ್ಪ ನಕ್ಕರು. “ಕನ್ನಡದಲ್ಲೇ ಐತಲ್ಲೇ. ನೀನೇ ಓದು.”