ಒಬ್ಬ ರೋಗಿ, ಇಬ್ಬರು ಅಧಿಕಾರಿಗಳು: 'ಮ್ಯಾಶ್' ಧಾರಾವಾಹಿಯ ಸಿಡ್ನಿ ಮತ್ತು ಫ್ಲ್ಯಾಗ್

ಕೊರಿಯಾ ಯುದ್ಧ ನಡೆದದ್ದು ಮೂರು ವರ್ಷ. 1950ರ ಜೂನ್‌ನಿಂದ 1953ರ ಜುಲೈವರೆಗೆ. ಆ ಯುದ್ಧವನ್ನು ಹಿನ್ನೆಲೆಯಾಗಿಟ್ಟುಕೊಂಡು ಸಿಬಿಎಸ್ ವಾಹಿನಿ ತೋರಿಸಿದ ಹಾಸ್ಯ ಧಾರಾವಾಹಿ 'ಮ್ಯಾಶ್' 1972ರ ಸೆಪ್ಟೆಂಬರ್‌ನಿಂದ 1983ರ ಫೆಬ್ರವರಿವರೆಗೆ, ಹನ್ನೊಂದು ಸೀಸನ್ ನಡೆಯಿತು. ಕೊನೆಯ ಕಂತನ್ನು ಹತ್ತು ಕೋಟಿಗೂ ಹೆಚ್ಚು ಜನ ನೋಡಿದರು. ಮ್ಯಾಶ್ ಎಂದರೆ ಸಂಚಾರಿ ಸೇನಾ ಶಸ್ತ್ರಚಿಕಿತ್ಸಾ ಆಸ್ಪತ್ರೆ. ಡೇರೆಗಳಲ್ಲಿ ನಡೆಯುವ, ಯುದ್ಧರಂಗದ ಹಿಂದೆಯೇ ಜಾಗ ಬದಲಿಸುತ್ತ ಹೋಗುವ ಆಸ್ಪತ್ರೆ. ನಮ್ಮಲ್ಲಿ ಅನೇಕರು ಈ ದೇಶಕ್ಕೆ ಬಂದ ಹೊಸತರಲ್ಲಿ ಇದರ ಮರುಪ್ರಸಾರ ನೋಡಿಯೇ ಅಮೆರಿಕನ್ನರ ಹಾಸ್ಯದ ಕಿವಿ ಬೆಳೆಸಿಕೊಂಡವರು. ರೆಸಿಡೆನ್ಸಿಯ ದಿನಗಳಲ್ಲಿ ನಾನೂ ಹಾಗೆಯೇ.

ಹಾಕೈ, ಹಾಟ್‌ಲಿಪ್ಸ್, ಕ್ಲಿಂಗರ್ ಎಲ್ಲರಿಗೂ ನೆನಪಿರುತ್ತಾರೆ. ಈ ಲೇಖನ ಅವರ ಬಗ್ಗೆ ಅಲ್ಲ. ಅಪರೂಪಕ್ಕೆ ಬಂದು ಹೋಗುವ ಇಬ್ಬರು ಅತಿಥಿಗಳ ಬಗ್ಗೆ. ಒಬ್ಬರು ಮನೋವೈದ್ಯ ಮೇಜರ್ ಸಿಡ್ನಿ ಫ್ರೀಡ್‌ಮನ್. ಪಾತ್ರಧಾರಿ ಅಲನ್ ಆರ್ಬಸ್. ಇನ್ನೊಬ್ಬ ಗುಪ್ತಚರ ಅಧಿಕಾರಿ ಕರ್ನಲ್ ಫ್ಲ್ಯಾಗ್. ಪಾತ್ರಧಾರಿ ಎಡ್ವರ್ಡ್ ವಿಂಟರ್. ಸಿಡ್ನಿ ಕಾಣಿಸಿಕೊಂಡದ್ದು ಹತ್ತು ಹನ್ನೆರಡು ಕಂತುಗಳಲ್ಲಿ, ಫ್ಲ್ಯಾಗ್ ಅದರ ಅರ್ಧದಷ್ಟರಲ್ಲಿ. ಆದರೂ ಇಡೀ ಧಾರಾವಾಹಿಯ ನೈತಿಕ ಪ್ರಶ್ನೆ ಇವರಿಬ್ಬರ ನಡುವೆ ನಿಂತಿದೆ ಎಂಬುದು ನನ್ನ ವಾದ.

ಇಬ್ಬರೂ ಎದುರಾದಾಗ

1975ರ ಒಂದು ಕಂತಿನಲ್ಲಿ ಕ್ಯಾಪ್ಟನ್ ಚಾಂಡ್ಲರ್ ಎಂಬ ಬಾಂಬರ್ ವಿಮಾನದ ಅಧಿಕಾರಿ ಗಾಯಗೊಂಡು ಬರುತ್ತಾನೆ. ಆತ ತಾನು ಯೇಸು ಕ್ರಿಸ್ತ ಎನ್ನುತ್ತಾನೆ. ಇದು ನಾಟಕವೋ ಕಾಯಿಲೆಯೋ ಎಂದು ತೀರ್ಮಾನಿಸಲು ಸಿಡ್ನಿ ಬರುತ್ತಾರೆ. ಫ್ಲ್ಯಾಗ್‌ಗೆ ಪರೀಕ್ಷೆಯೇ ಬೇಕಿಲ್ಲ: ಇವನು ಹೇಡಿ, ಮತ್ತೆ ವಿಮಾನ ಹತ್ತಿಸಬೇಕು. ಸಿಡ್ನಿ ಆ ಮನುಷ್ಯನ ಜೊತೆ ಕುಳಿತು ಮಾತಾಡುತ್ತಾರೆ. ಬಾಂಬು ಹಾಕಿ ಹಾಕಿ, ಇನ್ನು ಕೊಲ್ಲಲಾರೆ ಎಂಬ ಹಂತಕ್ಕೆ ಬಂದ ಮನಸ್ಸು ಬೇರೆ ವ್ಯಕ್ತಿಯಾಗಿ ಅಡಗಿ ಕುಳಿತಿದೆ ಎಂದು ಗುರುತಿಸುತ್ತಾರೆ.

ರೋಗಿ ಒಬ್ಬನೇ. ಫ್ಲ್ಯಾಗ್ ಕೇಳುವ ಪ್ರಶ್ನೆ "ನೀನು ಯಾರ ಕಡೆಯವನು?" ಎಂಬುದು. ಸಿಡ್ನಿ ಕೇಳುವುದು "ನಿನಗೆ ಏನಾಯಿತು?" ಎಂದು. ಫ್ಲ್ಯಾಗ್ ಎಲ್ಲ ಕಂತುಗಳಲ್ಲೂ ಇದೊಂದೇ ಪ್ರಶ್ನೆಯನ್ನು ಹೊತ್ತು ತಿರುಗುತ್ತಾನೆ. 1979ರಲ್ಲಿ ಅವನು ಕೊನೆಯ ಬಾರಿ ಬಂದಾಗ, ಹಾಕೈ ಒಬ್ಬ ಉತ್ತರ ಕೊರಿಯನ್ನನಿಗೆ ಅಮೆರಿಕನ್ ಸೈನಿಕನಿಗಿಂತ ಮೊದಲು ಶಸ್ತ್ರಚಿಕಿತ್ಸೆ ಮಾಡಿದ್ದೇ ಅವನಿಗೆ ದೇಶದ್ರೋಹದ ಸಾಕ್ಷಿ. ಯಾರ ಸ್ಥಿತಿ ಹೆಚ್ಚು ಗಂಭೀರವೋ ಅವರಿಗೆ ಮೊದಲ ಚಿಕಿತ್ಸೆ ಎಂಬ ನಿಯಮ ಅವನ ತಲೆಗೆ ಹೋಗುವುದಿಲ್ಲ.

ಸಿಡ್ನಿ ದೇವರಲ್ಲ

ಇಷ್ಟಕ್ಕೇ ನಿಲ್ಲಿಸಿದರೆ ಒಬ್ಬ ಒಳ್ಳೆಯವನು, ಒಬ್ಬ ಕೆಟ್ಟವನು ಎಂಬ ಕಥೆಯಾಗುತ್ತದೆ. ವೈದ್ಯನಾಗಿ ನನಗೆ ಕುತೂಹಲ ಇರುವುದು ಅದರಾಚೆ. ಸಿಡ್ನಿಯೂ ಸೇನೆಯ ಸಂಬಳ ಪಡೆಯುವ ಮೇಜರ್. ಒಂದನೇ ಮಹಾಯುದ್ಧದ ಕಾಲದಿಂದ ಸೇನಾ ಮನೋವೈದ್ಯದ ಸೂತ್ರ ಹೀಗಿದೆ: ಯುದ್ಧರಂಗದ ಹತ್ತಿರವೇ ಚಿಕಿತ್ಸೆ, ತಡಮಾಡದೆ ಚಿಕಿತ್ಸೆ, ಬೇಗ ಸುಧಾರಿಸಿ ಹಿಂತಿರುಗುತ್ತೀಯೆ ಎಂಬ ಭರವಸೆ. ಕೊರಿಯಾದಲ್ಲೂ ಅದನ್ನೇ ಪಾಲಿಸಿದರು. ಅದರಿಂದ ಅನೇಕರಿಗೆ ಒಳ್ಳೆಯದೇ ಆಯಿತು. ಆದರೆ ಗುಣವಾದವನು ಹೋಗುವುದು ಮನೆಗಲ್ಲ, ಕಂದಕಕ್ಕೆ. 1976ರ ಒಂದು ಕಂತಿನಲ್ಲಿ, ತನ್ನ ರೋಗಿಯೊಬ್ಬ ಆತ್ಮಹತ್ಯೆ ಮಾಡಿಕೊಂಡ ನೋವಿನಲ್ಲಿ ಸಿಡ್ನಿ ಈ ಆಸ್ಪತ್ರೆಗೆ ಬಂದು ಉಳಿಯುತ್ತಾರೆ, ಎಂದೋ ತೀರಿಹೋದ ಫ್ರಾಯ್ಡ್‌ಗೆ ಪತ್ರ ಬರೆಯುತ್ತಾರೆ. ಗುಣಪಡಿಸುವವನಿಗೂ ಪೆಟ್ಟಾಗುತ್ತದೆ ಎಂದು ಒಂದು ಹಾಸ್ಯ ಧಾರಾವಾಹಿ ಹೇಳಿದ ಕಾಲವನ್ನು ಗಮನಿಸಿ. ಪಿಟಿಎಸ್‌ಡಿ ಎಂಬ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ್ದು 1980ರಲ್ಲಿ.

ಹಾಕೈ ಕೂಡ ಒಮ್ಮೊಮ್ಮೆ ಫ್ಲ್ಯಾಗ್‌ನಂತೆ ಯೋಚಿಸುತ್ತಾನೆ. 1975ರಲ್ಲಿ ಫ್ಲ್ಯಾಗ್‌ನ ಕಾಟ ತಪ್ಪಿಸಲು ಹಾಕೈ, ಟ್ರ್ಯಾಪರ್ ಸೇರಿ ಅವನ ಆರೋಗ್ಯವಾದ ಅಪೆಂಡಿಕ್ಸನ್ನೇ ತೆಗೆದುಬಿಡುತ್ತಾರೆ, ನಾವು ನಗುತ್ತೇವೆ. 1979ರಲ್ಲಿ ಸೈನಿಕರನ್ನು ವ್ಯರ್ಥವಾಗಿ ಬಲಿ ಕೊಡುತ್ತಿದ್ದ ಒಬ್ಬ ಕರ್ನಲ್‌ಗೆ ಹಾಕೈ ಅದೇ ಉಪಾಯ ಮಾಡುತ್ತಾನೆ. ಈ ಬಾರಿ ಬಿ.ಜೆ. ಕೈಜೋಡಿಸಲು ಒಪ್ಪುವುದಿಲ್ಲ: ಆರೋಗ್ಯವಾದ ದೇಹಕ್ಕೆ ಕತ್ತಿ ಹಾಕಿದರೆ ಡಾಕ್ಟರಿಗೂ ಅವರಿಗೂ ಏನು ವ್ಯತ್ಯಾಸ? ಆಪರೇಷನ್ ಮುಗಿಯುತ್ತದೆ, ಗಾಯಾಳುಗಳು ಬರುತ್ತಲೇ ಇರುತ್ತಾರೆ. ನಾಲ್ಕು ವರ್ಷದಲ್ಲಿ ಅದೇ ತಮಾಷೆ ಧರ್ಮಸಂಕಟವಾಗಿತ್ತು.

ನಮ್ಮವರು ಅಲ್ಲಿದ್ದರು

ಈ ಕಥೆಯಲ್ಲಿ ಭಾರತಕ್ಕೂ ಒಂದು ಪಾಲಿದೆ. ಭಾರತ ಕೊರಿಯಾಕ್ಕೆ ಹೋರಾಡುವ ಪಡೆ ಕಳುಹಿಸಲಿಲ್ಲ. 1950ರ ಕೊನೆಯಲ್ಲಿ ಲೆಫ್ಟಿನೆಂಟ್ ಕರ್ನಲ್ ಎ. ಜಿ. ರಂಗರಾಜ್ ನೇತೃತ್ವದ 60ನೇ ಪ್ಯಾರಾಶೂಟ್ ಫೀಲ್ಡ್ ಆಂಬ್ಯುಲೆನ್ಸ್ ಎಂಬ ವೈದ್ಯಕೀಯ ದಳ ಕಳುಹಿಸಿತು. 1951ರ ಮಾರ್ಚ್‌ನಲ್ಲಿ ಮುನ್ಸಾನ್ ಬಳಿ ಅಮೆರಿಕನ್ ಸೈನಿಕರ ಜೊತೆ ಈ ದಳದವರೂ ವಿಮಾನದಿಂದ ಧುಮುಕಿ ಗಾಯಾಳುಗಳ ಸೇವೆ ಮಾಡಿದರು. ರಂಗರಾಜ್ ಅವರಿಗೆ ಮಹಾವೀರ ಚಕ್ರ ಬಂತು.

ಯುದ್ಧ ನಿಂತ ಮೇಲೆ ತಾಯ್ನಾಡಿಗೆ ಮರಳಲು ಒಪ್ಪದ ಸುಮಾರು 22,600 ಚೀನೀ ಮತ್ತು ಉತ್ತರ ಕೊರಿಯನ್ ಕೈದಿಗಳೂ, ಎದುರು ಪಕ್ಷದ 359 ಕೈದಿಗಳೂ ಉಳಿದರು. ಅವರ ಹೊಣೆ ಹೊತ್ತ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರು ನಮ್ಮ ಮಡಿಕೇರಿಯ ಕೆ. ಎಸ್. ತಿಮ್ಮಯ್ಯ. ಅವರಿಗೆ ಒಪ್ಪಿಸಿದ್ದೂ ಫ್ಲ್ಯಾಗ್‌ನ ಪ್ರಶ್ನೆಯೇ: ನೀನು ಯಾವ ಕಡೆ ಹೋಗುತ್ತೀಯೆ? ಆದರೆ ಉತ್ತರ ಕೈದಿಯದಾಗಿರಬೇಕು, ಕೇಳುವವನದಲ್ಲ ಎಂಬುದು ಆ ಏರ್ಪಾಟಿನ ತಿರುಳು.

ಇಲ್ಲಿ, ಈಗ

ಇದೆಲ್ಲ ಯುದ್ಧಕ್ಕೆ ಮಾತ್ರ ಸೇರಿದ್ದಲ್ಲ. ಕ್ಯಾಲಿಫೋರ್ನಿಯಾದ ಕಾನೂನಿನಂತೆ, ಮೂರ್ಛೆರೋಗದಂತಹ ಪ್ರಜ್ಞೆ ತಪ್ಪುವ ಕಾಯಿಲೆ ಕಂಡರೆ ವೈದ್ಯರು ಅಧಿಕಾರಿಗಳಿಗೆ ವರದಿ ಮಾಡಬೇಕು. ಅದು ಮೋಟಾರು ವಾಹನ ಇಲಾಖೆಗೆ ತಲುಪುತ್ತದೆ. ಟ್ರಕ್ ಓಡಿಸಿ ಸಂಸಾರ ಸಾಕುವವರಿಗೆ ಈ ಮಾತು ಹೇಳಿದಾಗಲೆಲ್ಲ, ಒಂದೇ ಕುರ್ಚಿಯಲ್ಲಿ ಸಿಡ್ನಿ, ಫ್ಲ್ಯಾಗ್ ಇಬ್ಬರೂ ಕುಳಿತಂತೆ ನನಗೆ ಅನಿಸಿದೆ. ರಸ್ತೆಯಲ್ಲಿರುವವರ ಜೀವ ಮುಖ್ಯವಾದ್ದರಿಂದ ಆ ಕಾನೂನು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಫಾರಂ ತುಂಬುವ ಮೊದಲು ಆ ಮನುಷ್ಯನ ಎದುರು ಕುಳಿತು, ಏಕೆ ಬರೆಯುತ್ತಿದ್ದೇನೆ ಎಂದು ತಿಳಿಸಿ, ಮುಂದೆ ಏನು ಮಾಡಬಹುದು ಎಂದು ಮಾತಾಡಲು ಹತ್ತು ನಿಮಿಷ ಸಾಕು. ಅಷ್ಟನ್ನು ಯಾವ ಕಾನೂನೂ ತಡೆಯುವುದಿಲ್ಲ.

ಸ್ಯಾನ್ ಫ್ರಾನ್ಸಿಸ್ಕೋದ ಪ್ರೆಸಿಡಿಯೋದಲ್ಲಿ 2016ರಲ್ಲಿ ಕೊರಿಯಾ ಯುದ್ಧದ ಸ್ಮಾರಕ ತೆರೆಯಿತು. ಅದೇ ಪ್ರೆಸಿಡಿಯೋದಲ್ಲಿ ಒಂದು ಕಾಲಕ್ಕೆ ಲೆಟರ್‌ಮನ್ ಸೇನಾ ಆಸ್ಪತ್ರೆ ಇತ್ತು; ಕೊರಿಯಾದ ಗಾಯಾಳುಗಳು ಅಲ್ಲಿಗೂ ಬಂದರು. ಈಗ ಆ ಜಾಗದಲ್ಲಿ ಸಿನಿಮಾ ಕಂಪನಿಯ ಕಟ್ಟಡಗಳಿವೆ. ಊರಿನಿಂದ ಬಂದ ನೆಂಟರನ್ನು ಗೋಲ್ಡನ್ ಗೇಟ್ ಸೇತುವೆ ತೋರಿಸಲು ಕರೆದೊಯ್ದಾಗ, ಅರ್ಧ ಗಂಟೆ ಈ ಸ್ಮಾರಕಕ್ಕೂ ಇಟ್ಟುಕೊಳ್ಳಿ. ರಂಗರಾಜ್ ಮತ್ತು ತಿಮ್ಮಯ್ಯನವರ ಹೆಸರನ್ನು ಮಕ್ಕಳಿಗೆ ಹೇಳಲು ಅದಕ್ಕಿಂತ ಒಳ್ಳೆಯ ಜಾಗ ಬೇ ಏರಿಯಾದಲ್ಲಿಲ್ಲ.