ಬಿಗಿದ ಕಾಯಕ್ಕೆ ಮೃದು ಸ್ಪರ್ಶ: ಮಯೋಫ್ಯಾಶಿಯಲ್ ರಿಲೀಸ್ ಚಿಕಿತ್ಸೆ

ಶರಣರು ಕಾಯವನ್ನು ಕಡೆಗಣಿಸಿದವರಲ್ಲ. ಕಾಯವು ನೆಟ್ಟಗಿದ್ದರೆ ಕಾಯಕ, ಕಾಯಕವಿದ್ದರೆ ದಾಸೋಹ. ಆದರೆ ನಿತ್ಯದ ದುಡಿಮೆಯೇ ಕೆಲವೊಮ್ಮೆ ಕಾಯವನ್ನು ಬಿಗಿಯಾಗಿಸುತ್ತದೆ. ದಿನವಿಡೀ ಬಾಗಿ ಕಳೆ ತೆಗೆಯುವವರ ಸೊಂಟ, ರೊಟ್ಟಿ ಬಡಿಯುವ ತಾಯಂದಿರ ಹೆಗಲು, ಕಂಪ್ಯೂಟರ್ ಮುಂದೆ ಕುಳಿತ ಯುವಕರ ಕುತ್ತಿಗೆ ಇದಕ್ಕೆ ಸಾಕ್ಷಿ. ಇಷ್ಟಲಿಂಗ ಪೂಜೆಗೆ ಕುಳಿತಾಗ ಎಡಗೈಯನ್ನು ಎತ್ತಿ ಹಿಡಿಯುವುದೇ ಕೆಲವು ಹಿರಿಯರಿಗೆ ಕಷ್ಟವಾಗುತ್ತದೆ. ಎಕ್ಸ್-ರೇಯಲ್ಲಿ ದೋಷವೇನೂ ಕಾಣದೆ ನೋವು ಮಾತ್ರ ಉಳಿದಾಗ, ವೈದ್ಯರು ಸೂಚಿಸುವ ಚಿಕಿತ್ಸೆಗಳಲ್ಲಿ ಮಯೋಫ್ಯಾಶಿಯಲ್ ರಿಲೀಸ್ ಒಂದು.

ಏನಿದು ಫ್ಯಾಶಿಯಾ?

ಕಿತ್ತಳೆ ಹಣ್ಣನ್ನು ಸುಲಿದಾಗ ಪ್ರತಿಯೊಂದು ತೊಳೆಗೂ ತೆಳುವಾದ ಪೊರೆಯಿರುತ್ತದೆ. ಎಲ್ಲ ತೊಳೆಗಳನ್ನೂ ಒಂದಾಗಿ ಹಿಡಿದಿಡುವ ಪೊರೆಯೂ ಇರುತ್ತದೆ. ನಮ್ಮ ಸ್ನಾಯುಗಳ ಸುತ್ತಲೂ ಇಂತಹದೇ ಪೊರೆಯಿದೆ. ಅದೇ ಫ್ಯಾಶಿಯಾ. ಇದರ ಪದರಗಳು ಒಂದರ ಮೇಲೊಂದು ಸುಲಭವಾಗಿ ಜಾರುತ್ತಿದ್ದರೆ ಚಲನೆ ಸರಾಗ. ಪೆಟ್ಟು, ಶಸ್ತ್ರಚಿಕಿತ್ಸೆ, ಒಂದೇ ಭಂಗಿಯಲ್ಲಿ ದೀರ್ಘಕಾಲ ಕೂರುವುದು ಇವುಗಳಿಂದ ಆ ಜಾರುವಿಕೆ ಕುಂದಬಹುದು. ಅಮೆರಿಕದ ಅಧ್ಯಕ್ಷ ಜಾನ್ ಕೆನಡಿಯವರ ವೈದ್ಯೆಯಾಗಿದ್ದ ಜಾನೆಟ್ ಟ್ರಾವೆಲ್ (1901–1997) ಸ್ನಾಯುವಿನಲ್ಲಿನ ಸಣ್ಣ ಗಂಟುಗಳು ದೂರದ ಭಾಗದಲ್ಲಿ ನೋವನ್ನುಂಟುಮಾಡುವ ಬಗೆಯನ್ನು ವಿವರವಾಗಿ ದಾಖಲಿಸಿದರು. ಹೆಗಲಿನ ಗಂಟಿನಿಂದ ತಲೆನೋವು ಬರುವುದು ಇದಕ್ಕೊಂದು ಉದಾಹರಣೆ.

ಮೊದಲ ದಿನ

ಚಿಕಿತ್ಸಕರು ಒಡನೆಯೇ ಕೈ ಹಚ್ಚುವುದಿಲ್ಲ. ನೋವು ಎಂದು ಆರಂಭವಾಯಿತು, ಯಾವ ಕೆಲಸದಿಂದ ಹೆಚ್ಚುತ್ತದೆ, ಯಾವ ಔಷಧಿ ಸೇವಿಸುತ್ತಿದ್ದೀರಿ ಎಂದು ವಿಚಾರಿಸಿ, ನಿಲ್ಲುವ ಮತ್ತು ನಡೆಯುವ ರೀತಿಯನ್ನು ಗಮನಿಸುತ್ತಾರೆ. ಒಂದು ಭೇಟಿ ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ನಡೆಯುತ್ತದೆ. ಸಡಿಲವಾದ ಹತ್ತಿ ಬಟ್ಟೆ ಧರಿಸಿ ಹೋಗುವುದು ಒಳಿತು.

ಲಿಂಗಧಾರಿಗಳಿಗೊಂದು ಸೂಚನೆ. ಬೋರಲಾಗಿ ಮಲಗಿದಾಗ ಕರಡಿಗೆಯು ಎದೆಗೆ ಒತ್ತಬಹುದು. ಸಂಕೋಚಪಡದೆ ಮೊದಲೇ ತಿಳಿಸಿದರೆ ಮಗ್ಗುಲಾಗಿ ಮಲಗಿಸಿ ಅಥವಾ ಕೂರಿಸಿ ಚಿಕಿತ್ಸೆ ನೀಡಲು ಸಾಧ್ಯ. ಮಹಿಳೆಯರು ಮಹಿಳಾ ಚಿಕಿತ್ಸಕರನ್ನು ಕೇಳಬಹುದು.

ಎಣ್ಣೆ ಹಚ್ಚಿ ಬಲವಾಗಿ ತಿಕ್ಕುವ ಪದ್ಧತಿ ಇದಲ್ಲ. ಕೈ ಜಾರಬಾರದೆಂದು ಎಣ್ಣೆಯನ್ನು ಬಹುತೇಕ ಬಳಸುವುದಿಲ್ಲ. ಬಿಗಿಯಾದ ಜಾಗದ ಮೇಲೆ ಅಂಗೈ ಅಥವಾ ಬೆರಳುಗಳನ್ನಿಟ್ಟು, ಮೃದುವಾಗಿ ಒತ್ತಿ, ನಿಧಾನವಾಗಿ ಎಳೆದು, ಒಂದೂವರೆ ನಿಮಿಷದಿಂದ ಐದು ನಿಮಿಷದವರೆಗೂ ಹಾಗೆಯೇ ಹಿಡಿದಿರುತ್ತಾರೆ. ಆರಂಭದಲ್ಲಿ ಏನೂ ನಡೆಯುತ್ತಿಲ್ಲವೆನಿಸಬಹುದು. ಬಳಿಕ ಆ ಭಾಗ ಬೆಚ್ಚಗಾಗಿ ಸಡಿಲಗೊಂಡ ಅನುಭವವಾಗುತ್ತದೆ.

ಸಹಿಸಬೇಡಿ, ತಿಳಿಸಿ

ಹೆಚ್ಚು ನೋವಾದಷ್ಟೂ ಹೆಚ್ಚು ಗುಣವೆಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಇದು ಸರಿಯಲ್ಲ. ಹಿತವಾದ ಎಳೆತ ಸಹಜ. ಚುಚ್ಚುವ ನೋವು, ಜೋಮು, ಉಸಿರು ಬಿಗಿಹಿಡಿಯುವಂತಹ ಒತ್ತಡ ಸಹಜವಲ್ಲ. ನೋವಾದಾಗ ದೇಹವು ತನ್ನ ರಕ್ಷಣೆಗಾಗಿ ಇನ್ನಷ್ಟು ಬಿಗಿಯಾಗುತ್ತದೆ. ಆದುದರಿಂದ ಮೌನವಾಗಿ ಸಹಿಸುವುದು ಇಲ್ಲಿ ಸಾಧನೆಯಲ್ಲ. ಹೇಳುವುದೇ ಚಿಕಿತ್ಸೆಗೆ ನೆರವು.

ಚಿಕಿತ್ಸೆಯ ನಂತರ ಒಂದೆರಡು ದಿನ ಸಣ್ಣ ಮೈಕೈ ನೋವು, ಆಯಾಸ ಇರಬಹುದು. ಅಂದು ಭಾರ ಎತ್ತದೆ ವಿಶ್ರಮಿಸಬೇಕು. ಎರಡು ದಿನ ಕಳೆದರೂ ನೋವು ಹೆಚ್ಚುತ್ತಿದ್ದರೆ ಅಥವಾ ಚರ್ಮ ಕಂದುಗಟ್ಟಿದರೆ ಚಿಕಿತ್ಸಕರಿಗೆ ತಿಳಿಸಬೇಕು.

ಯಾರು ಎಚ್ಚರ ವಹಿಸಬೇಕು?

ರಕ್ತ ತೆಳುವಾಗಿಸುವ ಔಷಧಿ ಸೇವಿಸುವವರು, ಮೂಳೆ ಸವೆತವುಳ್ಳವರು, ಕ್ಯಾನ್ಸರ್ ರೋಗಿಗಳು ಮತ್ತು ಗರ್ಭಿಣಿಯರು ವೈದ್ಯರ ಅನುಮತಿಯಿಲ್ಲದೆ ಈ ಚಿಕಿತ್ಸೆಗೆ ಹೋಗಬಾರದು. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದರೆ, ಜ್ವರ, ಹಸಿಗಾಯ ಅಥವಾ ಹೊಸ ಮೂಳೆಮುರಿತವಿದ್ದರೆ ಇದು ಸಲ್ಲದು. ಎದೆನೋವು ತೋಳಿಗೆ ಹರಡಿದರೆ, ಬೆನ್ನುನೋವಿನೊಡನೆ ಕಾಲು ಬಲಹೀನವಾಗಿ ಮೂತ್ರದ ಹಿಡಿತ ತಪ್ಪಿದರೆ, ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು.

ನಿರೀಕ್ಷೆ ಎಷ್ಟಿರಲಿ?

ಕೈಯ ಒತ್ತಡದಿಂದ ಪೊರೆಯೇ ಹಿಗ್ಗುತ್ತದೆಯೋ, ನರಮಂಡಲವು ಬಿಗಿತವನ್ನು ಸಡಿಲಿಸುತ್ತದೆಯೋ ಎಂಬ ಚರ್ಚೆ ತಜ್ಞರಲ್ಲಿ ಮುಗಿದಿಲ್ಲ. ಬಹುಕಾಲದ ಸೊಂಟನೋವಿನಲ್ಲಿ ಅಲ್ಪಮಟ್ಟಿನ ಉಪಶಮನ ಕಂಡುಬಂದಿದೆ. ಎಲ್ಲ ನೋವಿಗೂ ಇದು ರಾಮಬಾಣವಲ್ಲ. ನಾಲ್ಕಾರು ಭೇಟಿಗಳ ನಂತರವೂ ನಡೆಯುವುದು, ಬಾಗುವುದು, ಕೈಯೆತ್ತುವುದು ಸುಲಭವಾಗದಿದ್ದರೆ ವೈದ್ಯರೊಡನೆ ಮರುಪರಿಶೀಲಿಸಬೇಕು.

ಚಿಕಿತ್ಸಕರ ಕೈ ವಾರಕ್ಕೊಮ್ಮೆ ದೊರೆತೀತು. ನಮ್ಮ ಕೈಕಾಲು ನಿತ್ಯವೂ ನಮ್ಮೊಡನಿವೆ. ಅವರು ಕಲಿಸಿದ ವ್ಯಾಯಾಮವನ್ನು ಪ್ರತಿದಿನ ಪೂಜೆಗೆ ಮುನ್ನ ಹತ್ತು ನಿಮಿಷ ಮಾಡುವುದನ್ನು ನೇಮವಾಗಿಸಿಕೊಂಡರೆ, ದೊರೆತ ಆರಾಮ ಉಳಿಯುತ್ತದೆ. ಕಾಯದ ಈ ಆರೈಕೆಯೂ ಕಾಯಕದ ಒಂದು ಭಾಗವೇ.